ಹೆಸರಿಲ್ಲದ ಅಜ್ಜಿಯ ಮೊಮ್ಮಗಳು

ಠಾಣೆಯ ಸೇಂಟ್ ಜೇಮ್ಸ್ ಚರ್ಚಿನಲ್ಲಿ 1829ರ ಮಾರ್ಚ್ 15ರಂದು ಒಂದು ಮದುವೆ ನಡೆಯಿತು. ಗಂಡು ಥಾಮಸ್ ಎಡ್ವರ್ಡ್ಸ್, ಈಸ್ಟ್ ಇಂಡಿಯಾ ಕಂಪನಿಯ ಸ್ಯಾಪರ್ಸ್ ಆ್ಯಂಡ್ ಮೈನರ್ಸ್ ದಳದ ಸಾರ್ಜೆಂಟ್. ಪಲ್ಟನ್ ಸೇರುವ ಮುಂಚೆ ಲಂಡನ್ ಸೀಮೆಯಲ್ಲಿ ಮೇಜು ಕಪಾಟು ಮಾಡುತ್ತಿದ್ದ ಬಡಗಿ. ಹೆಣ್ಣು ಮೇರಿ ಆನ್ ಗ್ಲಾಸ್ಕಾಟ್. ಹುಟ್ಟಿದ್ದು 1815ರಲ್ಲೋ 1816ರಲ್ಲೋ. ಹಾಗಾದರೆ ಮದುವೆಯ ದಿನ ಅವಳಿಗೆ 14 ತುಂಬಿತ್ತೋ ಇಲ್ಲವೋ. ಅವಳ ತಂದೆ ವಿಲಿಯಂ ವಾಡ್ರಿ ಗ್ಲಾಸ್ಕಾಟ್ 1810ರಲ್ಲಿ ಇಂಡಿಯಾಕ್ಕೆ ಬಂದು ಬಾಂಬೆ ಸೈನ್ಯದ 4ನೇ ನೇಟಿವ್ ಇನ್‌ಫೆಂಟ್ರಿಯಲ್ಲಿ ಅಧಿಕಾರಿಯಾಗಿದ್ದವನು. ಇಷ್ಟೂ ದಾಖಲೆಯಲ್ಲಿದೆ. ತಾಯಿ ಯಾರು ಎಂಬುದು ಎಲ್ಲಿಯೂ ಇಲ್ಲ.

ಆ ಹೆಸರಿಲ್ಲದ ಹೆಂಗಸಿನ ಮೊಮ್ಮಗಳು ಮುಂದೆ ಲೋಕಪ್ರಸಿದ್ಧಳಾದಳು. ಸಯಾಮಿನ (ಇಂದಿನ ಥಾಯ್ಲೆಂಡಿನ) ರಾಜ ಮೊಂಗ್‌ಕುಟ್‌ನ ಅರಮನೆಯಲ್ಲಿ ರಾಣಿಯರಿಗೂ ರಾಜಕುಮಾರರಿಗೂ ಇಂಗ್ಲಿಷ್ ಕಲಿಸಿದ ಅನ್ನಾ ಲಿಯೊನೊವೆನ್ಸ್ ಅವಳೇ. 1951ರ ಸಂಗೀತ ನಾಟಕ 'ದ ಕಿಂಗ್ ಆ್ಯಂಡ್ ಐ', ಯೂಲ್ ಬ್ರಿನ್ನರ್ ಬೋಳುತಲೆಯ ರಾಜನಾಗಿ ಮೆರೆದ 1956ರ ಸಿನಿಮಾ, ಜೋಡಿ ಫಾಸ್ಟರ್ ನಟಿಸಿದ 1999ರ ಸಿನಿಮಾ, ಎಲ್ಲದರಲ್ಲೂ ಆಕೆ ಅಚ್ಚ ಬ್ರಿಟಿಷ್ ಸಂಭಾವಿತೆ. ಆಕೆ ಹೇಳಿಕೊಂಡದ್ದೂ ಹಾಗೆಯೇ: ಹುಟ್ಟಿದ್ದು 1834ರಲ್ಲಿ ವೇಲ್ಸಿನ ಕಾರ್ನಾರ್ವನ್ ಊರಿನಲ್ಲಿ, ತಂದೆ ಕ್ಯಾಪ್ಟನ್ ಕ್ರಾಫರ್ಡ್, ಸಿಖ್ಖರ ವಿರುದ್ಧದ ಕಾದಾಟದಲ್ಲಿ ಮಡಿದವರು, ತಾನು ಇಂಡಿಯಾದ ನೆಲ ಕಂಡದ್ದು 15ರ ವಯಸ್ಸಿನಲ್ಲಿ, ಗಂಡ ಮೇಜರ್ ಲಿಯೊನೊವೆನ್ಸ್, ಸಿಂಗಪುರದಲ್ಲಿ ಹುಲಿ ಬೇಟೆಗೆ ಹೋಗಿ ಬಿಸಿಲು ಬಡಿದು ತೀರಿಕೊಂಡವರು. ಇದರಲ್ಲಿ ಒಂದು ಸಾಲೂ ದಾಖಲೆಯ ಮುಂದೆ ನಿಲ್ಲುವುದಿಲ್ಲ.

ನಾನಿರುವುದು ತುರ್ಭೆಯಲ್ಲಿ. ಇಲ್ಲಿಂದ ಟ್ರಾನ್ಸ್-ಹಾರ್ಬರ್ ರೈಲು ಹತ್ತಿದರೆ ಕೋಪರ್‌ಖೈರಣೆ, ಘಣಸೋಲಿ, ರಬಾಳೆ, ಐರೋಲಿ ದಾಟಿ ಠಾಣೆ. ಮುಂಬಯಿ ಕಡೆಯ ನಾವು ಠಾಣೆ ಎಂದರೆ ಕೆರೆಗಳನ್ನೋ ಜೈಲನ್ನೋ 1853ರ ಮೊದಲ ರೈಲನ್ನೋ ನೆನೆಯುತ್ತೇವೆ. ಅನ್ನಾಳ ಕಥೆಯ ಬೇರು ಇಲ್ಲಿದೆ ಎಂದು ತಿಳಿದಾಗ ಅದನ್ನು ಹಿಡಿದು ಹೋಗಬೇಕೆನಿಸಿತು. ಈಗ ಜೈಲಾಗಿರುವ ಕೋಟೆ ಮೊದಲು ಪೋರ್ಚುಗೀಸರದು, ಆಮೇಲೆ ಮರಾಠರದು, 1774ರಿಂದ ಇಂಗ್ಲಿಷರದು. ಅದರ ಸುತ್ತ ದಂಡು ನೆಲೆಯೂರಿತ್ತು. ದಂಡಿನವರಿಗಾಗಿ ಕಟ್ಟಿದ ಚರ್ಚನ್ನು ಕಲ್ಕತ್ತದ ಬಿಷಪ್ ರೆಜಿನಾಲ್ಡ್ ಹೀಬರ್ 1825ರಲ್ಲಿ ಬಂದು ಪ್ರತಿಷ್ಠೆ ಮಾಡಿದರು. ನಾಲ್ಕು ವರ್ಷದ ಮೇಲೆ ಅಲ್ಲೇ ಈ ಸಾರ್ಜೆಂಟನ ಮದುವೆ.

ಇಂಥ ಮದುವೆಯ ಒಂದು ಸಾಲು ಇಷ್ಟು ಕಾಲ ಉಳಿದು ಬಂದದ್ದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ದಂಡಿನ ಪಾದ್ರಿ ತನ್ನ ಚರ್ಚಿನ ನಾಮಕರಣ, ಮದುವೆ, ಅಂತ್ಯಸಂಸ್ಕಾರಗಳ ನಕಲು ಬರೆದು ಬಾಂಬೆಗೆ ಕಳಿಸಬೇಕಿತ್ತು. ಅಲ್ಲಿಂದ ಇನ್ನೊಂದು ಪ್ರತಿ ಲಂಡನ್ನಿಗೆ. ಆ ಪ್ರತಿಗಳು ಇಂಡಿಯಾ ಆಫೀಸಿನ ದಾಖಲೆಗಳೊಂದಿಗೆ ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬಹುಪಾಲು ಗಣಕಕ್ಕೂ ಏರಿವೆ. ಹುಡುಕುವವನಿಗೆ ಮೊದಲು ಎದುರಾಗುವ ಗೋಡೆ ಕಾಗುಣಿತ. ಠಾಣೆ ಎಂದು ಹುಡುಕಿದರೆ ಏನೂ ಸಿಗದು, 'ಟನ್ನಾ' ಎನ್ನಬೇಕು. ಅಹಮದ್‌ನಗರ ಅಲ್ಲಿ 'ಅಹಮದ್‌ನುಗ್ಗುರ್'. ಗ್ಲಾಸ್ಕಾಟ್ ಒಂದು ಕಡೆ ಒಂದೇ 'ಎಸ್' ಹೊತ್ತರೆ ಇನ್ನೊಂದು ಕಡೆ ಎರಡು. ಪಾದ್ರಿಗಳು ಕಿವಿಗೆ ಬಿದ್ದಂತೆ ಬರೆದರು; ನಕಲುಗಾರರು ಕಣ್ಣಿಗೆ ಕಂಡಂತೆ ಬರೆದರು.

ನಾಮಕರಣದ ಪುಟವೊಂದನ್ನು ಹತ್ತಿರದಿಂದ ನೋಡಿ. ಅಡ್ಡಗೆರೆ ಉದ್ದಗೆರೆ ಎಳೆದ ಕಲಮುಗಳು: ದೀಕ್ಷಾಸ್ನಾನದ ದಿನ, ಹುಟ್ಟಿದ್ದೆಂದು ಹೇಳಲಾದ ದಿನ, ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಇರುವ ಊರು, ತಂದೆಯ ದರ್ಜೆ ಅಥವಾ ಕಸುಬು, ಪಾದ್ರಿಯ ಸಹಿ. ಮದುವೆಯ ಪುಟಕ್ಕೆ ಬಂದರೆ ತಾಯಿಗೆ ಜಾಗವೇ ಇಲ್ಲ. ಹೆಣ್ಣಿನ ತಾಯಿ ಯಾರೆಂದು ಸರ್ಕಾರ ಕೇಳಲೂ ಇಲ್ಲ, ಯಾರೂ ಹೇಳಲೂ ಇಲ್ಲ. ಅಧಿಕಾರಿ ಗ್ಲಾಸ್ಕಾಟನದು ಯುರೋಪಿಯನ್ ಹೆಂಗಸಿನೊಂದಿಗಿನ ಮದುವೆಯಾಗಿದ್ದರೆ ಅದಕ್ಕೊಂದು ನಮೂದು, ಅವಳು ಸತ್ತಾಗ ಒಂದು ನಮೂದು, ಅವಳು ವಿಧವೆಯಾಗಿದ್ದರೆ ಪಿಂಚಣಿಯ ಕಡತದಲ್ಲೊಂದು ನಮೂದು, ಎಲ್ಲೋ ಒಂದು ಕಡೆಯಾದರೂ ಹೆಸರು ಬೀಳಬೇಕಿತ್ತು. ಅಧಿಕಾರಿಗಳ ಹೆಂಡಿರ ವಿಷಯದಲ್ಲಿ ಕಂಪನಿ ಸರ್ಕಾರ ಅಷ್ಟು ಅಚ್ಚುಕಟ್ಟು. ಅನ್ನಾಳ ಚರಿತ್ರೆ ಬರೆದ ಸೂಸನ್ ಮಾರ್ಗನ್ ಈ ಮೌನದಿಂದಲೇ ತೀರ್ಮಾನಕ್ಕೆ ಬಂದರು: ಆ ಹೆಂಡತಿ ಯುರೋಪಿಯನ್ ಅಲ್ಲ. ಈ ನೆಲದವಳು, ಅಥವಾ ಈ ನೆಲದವಳ ಮಗಳು. 2008ರಲ್ಲಿ ಬಂದ ಅವರ ಪುಸ್ತಕದ ಹೆಸರೇ 'ಬಾಂಬೆ ಅನ್ನಾ'.

ಮೊದಲು ಈ ಎಳೆಯನ್ನು ಹಿಡಿದವರು ಜೇಡರ ಹುಳುಗಳ ವಿದ್ವಾಂಸರು. ಡಬ್ಲ್ಯು. ಎಸ್. ಬ್ರಿಸ್ಟೊ ಬ್ರಿಟನ್ನಿನ ಜೇಡಗಳ ಬಗ್ಗೆ ದೊಡ್ಡ ಪುಸ್ತಕ ಬರೆದವರು. ಅವರಿಗೆ ಅನ್ನಾಳ ಮಗ ಲೂಯಿಯ ಮೇಲೆ ಆಸಕ್ತಿ ಹುಟ್ಟಿತು. ಲೂಯಿ ಸಯಾಮಿಗೆ ಮರಳಿ ರಾಜನ ಅಶ್ವದಳದಲ್ಲಿ ಕ್ಯಾಪ್ಟನ್ ಆಗಿ, ಆಮೇಲೆ ತೇಗದ ವ್ಯಾಪಾರಕ್ಕಿಳಿದು ಹೆಸರು ಮಾಡಿದವನು. ಅವನ ಹೆಸರಿನ ಕಂಪನಿ ಇಂದಿಗೂ ಥಾಯ್ಲೆಂಡಿನಲ್ಲಿದೆ. ಲೂಯಿ ಹುಟ್ಟಿದ್ದು ಲಂಡನ್ನಿನಲ್ಲಿ ಎಂದು ಅನ್ನಾ ಹೇಳಿದ್ದಳು. ಬ್ರಿಸ್ಟೊ ಲಂಡನ್ನಿನಲ್ಲಿ ಜನನ ಪತ್ರ ಹುಡುಕಿದರು, ಸಿಗಲಿಲ್ಲ. ಮಗನ ಹುಟ್ಟು ಸುಳ್ಳಾದರೆ ತಾಯಿಯದು? ಕಾರ್ನಾರ್ವನ್ ಸುಳ್ಳಾಯಿತು, ಕ್ಯಾಪ್ಟನ್ ಕ್ರಾಫರ್ಡ್ ಸುಳ್ಳಾದರು. ಕಡೆಗೆ ಇಂಡಿಯಾ ಆಫೀಸಿನ ಪುಸ್ತಕಗಳಲ್ಲಿ ಸಿಕ್ಕಿದ್ದು ಆನ್ ಹ್ಯಾರಿಯಟ್ ಎಮ್ಮಾ ಎಡ್ವರ್ಡ್ಸ್ ಎಂಬ ಮಗು: ಊರು ಅಹಮದ್‌ನಗರ, ವರ್ಷ 1831. ತಂದೆ ಸಾರ್ಜೆಂಟ್ ಎಡ್ವರ್ಡ್ಸ್, ಮಗು ಹುಟ್ಟುವ ಕೆಲವು ತಿಂಗಳ ಮುಂಚೆಯೇ ತೀರಿಕೊಂಡಿದ್ದ. 1976ರಲ್ಲಿ ಬ್ರಿಸ್ಟೊ ಇದನ್ನೆಲ್ಲ ಪುಸ್ತಕ ಮಾಡಿದರು. ಕಾಲಿನ ರೋಮ, ಕಣ್ಣಿನ ಸಾಲು ಎಣಿಸಿ ಒಂದು ಜೇಡವನ್ನು ಇನ್ನೊಂದರಿಂದ ಬೇರ್ಪಡಿಸುವ ಕಣ್ಣಿಗೆ ಅನ್ನಾಳ ಮಾತಿನ ಒಡಕು ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಸಿನಿಮಾದ ಅನ್ನಾಳನ್ನು ಮೆಚ್ಚಿಕೊಂಡಿದ್ದ ಜಗತ್ತು ಮಾತ್ರ ಆ ಪುಸ್ತಕಕ್ಕೆ ಹೆಚ್ಚು ಕಿವಿಗೊಡಲಿಲ್ಲ.

ಇಲ್ಲಿಂದ ಮುಂದೆ ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಆಕೆ ಮುಚ್ಚಿಟ್ಟ ಬದುಕು ಆಕೆ ಹೇಳಿದ ಬದುಕಿಗಿಂತ ಎಷ್ಟೋ ದೊಡ್ಡದಾಗಿ ಕಾಣುತ್ತದೆ. ಸಿಪಾಯಿಯ ವಿಧವೆಗೆ ಬರಾಕಿನಲ್ಲಿ ಜಾಗ ಉಳಿಯಬೇಕಾದರೆ ಬೇಗನೆ ಇನ್ನೊಬ್ಬ ಸಿಪಾಯಿಯನ್ನು ಕಟ್ಟಿಕೊಳ್ಳಬೇಕಿತ್ತು. ಮೇರಿ ಆನ್ ಹಾಗೆಯೇ ಮಾಡಿದಳು. ಮರುಮದುವೆ ಪ್ಯಾಟ್ರಿಕ್ ಡೊನೊಹೊ ಎಂಬ ಐರಿಷ್ ಕಾರ್ಪೊರಲ್‌ನೊಂದಿಗೆ. ಮಕ್ಕಳು ದಂಡಿನಿಂದ ದಂಡಿಗೆ ಅಲೆದರು. ಭಾಯಖಳಾದಲ್ಲಿ ಬಾಂಬೆ ಎಜುಕೇಶನ್ ಸೊಸೈಟಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅನ್ನಾ ಓದಿದಳೆಂದು ಚರಿತ್ರೆಕಾರರು ಗುರುತಿಸಿದ್ದಾರೆ. 1815ರಲ್ಲಿ ಶುರುವಾದ ಆ ಸಂಸ್ಥೆ ತಂದೆ ಸತ್ತ ಇಲ್ಲವೇ ದೂರವಾದ ಸಿಪಾಯಿ ಮಕ್ಕಳನ್ನು, ಮಿಶ್ರ ರಕ್ತದವರನ್ನೂ ಸೇರಿಸಿಕೊಳ್ಳುತ್ತಿತ್ತು. ಬರಾಕಿನ ಅಂಗಳದಲ್ಲಿ ಇಂಗ್ಲಿಷ್ ಎಷ್ಟೋ ಅಷ್ಟೇ ಹಿಂದೂಸ್ತಾನಿ, ಮರಾಠಿ. ದಾಯಿ, ಭಿಶ್ತಿ, ಧೋಬಿ, ಬಜಾರಿನವರು, ಎಲ್ಲರೊಡನೆ ಮಗು ಮಾತಾಡಿಯೇ ಬೆಳೆಯಬೇಕು.

1849ರ ಕ್ರಿಸ್‌ಮಸ್ ದಿನ ಪುಣೆಯಲ್ಲಿ ಆಕೆಯ ಮದುವೆ. ವರ ಥಾಮಸ್ ಲಿಯೊನ್ ಓವೆನ್ಸ್, ಐರ್ಲೆಂಡಿನವನು, ಗುಮಾಸ್ತ. ಅವನ ನಡುಹೆಸರೂ ಕುಲನಾಮವೂ ಕೂಡಿ ಲಿಯೊನೊವೆನ್ಸ್ ಆದದ್ದು ಆಮೇಲೆ, ಒಂದೊಂದು ದಾಖಲೆಗೂ ಸ್ವಲ್ಪ ಸ್ವಲ್ಪ ಬೆಸೆದುಕೊಳ್ಳುತ್ತ. ಪುಣೆಗೂ ಬಾಂಬೆಗೂ ಆಗ ರೈಲಿಲ್ಲ. ಘಟ್ಟ ಇಳಿದು ಖೋಪೋಲಿ ದಾಟಿ ಪನ್ವೇಲಿಗೆ ಬಂದು, ಬೇಲಾಪುರದ ಕೆಳಗಿನ ಖಾಡಿಯಲ್ಲಿ ದೋಣಿ ಹಿಡಿದು ಬಾಂಬೆ ಸೇರುವುದೇ ಎಲ್ಲರ ದಾರಿ. ನಮ್ಮ ನವಿ ಮುಂಬಯಿಯ ಈ ಅಂಚಿನ ನೀರು ಆಕೆಗೆ ಚಿರಪರಿಚಿತವಾಗಿತ್ತೆಂದು ನಾನು ನಂಬುತ್ತೇನೆ.

ಮೊದಲ ಮಗಳು ಸೆಲೀನಾ 17 ತಿಂಗಳಿಗೆ ತೀರಿಕೊಂಡಳು. 1852ರಲ್ಲಿ ಗಂಡ ಹೆಂಡತಿ ಸೋದರಮಾವ ಗ್ಲಾಸ್ಕಾಟ್‌ನ ಜತೆ ಸಿಂಗಪುರದ ಮೇಲಾಗಿ ಆಸ್ಟ್ರೇಲಿಯಾಕ್ಕೆ ಹೊರಟರು. 'ಅಲಿಬಿ' ಎಂಬ ಹಾಯಿಹಡಗು, ಮೂರು ತಿಂಗಳಿಗೂ ಮೀರಿದ ಪಯಣ, ನಡುಸಮುದ್ರದಲ್ಲೇ ಹೆರಿಗೆ. 1853ರ ಮಾರ್ಚ್ 8ರಂದು ಪಶ್ಚಿಮ ಆಸ್ಟ್ರೇಲಿಯಾದ ದಡದ ಹತ್ತಿರ ಹಡಗು ಬಂಡೆಸಾಲಿಗೆ ಬಡಿದು ಮುಳುಗುವುದು ಕೂದಲೆಳೆಯಲ್ಲಿ ತಪ್ಪಿತು. ಪರ್ತ್ ಊರಿನಲ್ಲಿ ಆಕೆ ಹೆಣ್ಣುಮಕ್ಕಳಿಗೊಂದು ಶಾಲೆ ತೆರೆಯಲು ನೋಡಿದಳು. ಹಡಗಿನಲ್ಲಿ ಹುಟ್ಟಿದ ಗಂಡುಮಗು 13 ತಿಂಗಳಿಗೆ ಹೋಯಿತು. ಅದೇ 1854ರಲ್ಲಿ ಏವಿಸ್ ಹುಟ್ಟಿದಳು. ಗಂಡನಿಗೆ ಲಿಂಟನ್ ಎಂಬಲ್ಲಿ ಉಗ್ರಾಣದ ಕೆಲಸ ಸಿಕ್ಕಿತು. ಕೈದಿಗಳನ್ನು ಇರಿಸುತ್ತಿದ್ದ ಕೊಂಪೆ ಅದು. 1856ರ ಅಕ್ಟೋಬರಿನಲ್ಲಿ ಲೂಯಿ ಹುಟ್ಟಿದ್ದು ಅಲ್ಲಿ. ಬ್ರಿಸ್ಟೊ ಲಂಡನ್ನಿನಲ್ಲಿ ಹುಡುಕುತ್ತಿದ್ದ ಮಗು ಇದೇ. ಮರುವರ್ಷ ಅವರು ಆಸ್ಟ್ರೇಲಿಯಾ ಬಿಟ್ಟರು. ಥಾಮಸ್ ಪೆನಾಂಗಿನಲ್ಲಿ ಹೋಟೆಲು ನಡೆಸಿದ. 1859ರ ಮೇ ತಿಂಗಳಲ್ಲಿ ಪಾರ್ಶ್ವವಾಯು ಬಡಿದು ಸತ್ತ. ಅವನ ಸಮಾಧಿ ಜಾರ್ಜ್ ಟೌನಿನ ಪ್ರೊಟೆಸ್ಟೆಂಟ್ ಸ್ಮಶಾನದಲ್ಲಿದೆ. ಹುಲಿಯೂ ಇಲ್ಲ, ಮೇಜರ್ ಪದವಿಯೂ ಇಲ್ಲ. 28 ತುಂಬದ ಹೆಂಗಸು, ಇಬ್ಬರು ಎಳೆಯ ಮಕ್ಕಳು, ಕೈಯಲ್ಲಿ ಕಾಸಿಲ್ಲ.

ಆಕೆ ಹೊಸ ಹುಟ್ಟು ಪಡೆದದ್ದು ಇಲ್ಲಿ. ಸಿಂಗಪುರದಲ್ಲಿ ಆಕೆ ಹಡಗಿನಿಂದಿಳಿದದ್ದು ಬ್ರಿಟಿಷ್ ಅಧಿಕಾರಿಯ ವಿಧವೆಯಾಗಿ. ಅಧಿಕಾರಿಗಳ ಮಕ್ಕಳಿಗಾಗಿ ಶಾಲೆ ತೆರೆದಳು. ಸಾರ್ಜೆಂಟನ ಮಗಳು, ಹೋಟೆಲಿನವನ ಹೆಂಡತಿ, ಹೆಸರಿಲ್ಲದ ದೇಸಿ ಹೆಂಗಸಿನ ಮೊಮ್ಮಗಳು ಎಂದಿದ್ದರೆ ಯಾವ ಅಧಿಕಾರಿ ತನ್ನ ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದ? 1862ರಲ್ಲಿ ಸಿಂಗಪುರದ ಸಯಾಮ್ ಕಾನ್ಸಲ್ ತಾನ್ ಕಿಮ್ ಚಿಂಗ್ ಅವರ ಮೂಲಕ ಬ್ಯಾಂಕಾಕಿನ ಕರೆ ಬಂತು. ಮೊಂಗ್‌ಕುಟ್ 27 ವರ್ಷ ಭಿಕ್ಷುವಾಗಿದ್ದು ರಾಜನಾದವನು; ಪಾಲಿ, ಲ್ಯಾಟಿನ್, ಇಂಗ್ಲಿಷ್ ಬಲ್ಲವನು, ಖಗೋಳದ ಹುಚ್ಚಿದ್ದವನು. 1851ರಲ್ಲಿ ಪಾದ್ರಿಗಳ ಹೆಂಡತಿಯರನ್ನು ಅಂತಃಪುರಕ್ಕೆ ಕರೆಸಿ ಇಂಗ್ಲಿಷ್ ಹೇಳಿಸಿದ್ದ, ಅವರು ಪಾಠಕ್ಕಿಂತ ಮತಬೋಧನೆಗೆ ಹೆಚ್ಚು ಒಲಿದರು. ಆದ್ದರಿಂದ ಅನ್ನಾಳಿಗೆ ಬರೆದ ಕಾಗದದಲ್ಲಿ ರಾಜ ಷರತ್ತನ್ನು ಸ್ಪಷ್ಟವಾಗಿಟ್ಟ: ಭಾಷೆ, ವಿಜ್ಞಾನ, ಸಾಹಿತ್ಯ ಕಲಿಸಿ; ಕ್ರೈಸ್ತ ಧರ್ಮಕ್ಕೆ ಸೇರಿಸುವ ಕೆಲಸ ಬೇಡ. ಏವಿಸಳನ್ನು ಇಂಗ್ಲೆಂಡಿನ ಶಾಲೆಗೆ ಕಳಿಸಿ, ಲೂಯಿಯ ಕೈ ಹಿಡಿದು ಆಕೆ ಬ್ಯಾಂಕಾಕಿಗೆ ಹೋದಳು.

1870ರಲ್ಲಿ ಪ್ರಕಟವಾದ ಆಕೆಯ ಸಯಾಮ್ ನೆನಪುಗಳ ಪುಸ್ತಕ ಈಗ ಯಾರಾದರೂ ತೆರೆದು ಓದಬಹುದು. ಅದರ ಮೊದಲ ಪುಟಗಳಲ್ಲೇ ನನ್ನನ್ನು ನಿಲ್ಲಿಸಿದ್ದು ಆಕೆಯ ಜತೆ ಹೋದ ಪರಿವಾರ: ಫಾರ್ಸಿ ಕಲಿಸುವ ಮುನ್ಶಿ, ಹಿಂದೂಸ್ತಾನಿ ಆಯಾ ಬೀಬಿ. ವೇಲ್ಸಿನಿಂದ ಬಂದ ಮೇಮ್‌ಸಾಹೇಬಳ ಚಿತ್ರಕ್ಕೆ ಈ ಮುನ್ಶಿ ಒಗ್ಗುವುದಿಲ್ಲ. ಕೈಯಲ್ಲಿ ಹಣವಿಲ್ಲದ ವಿಧವೆ ಫಾರ್ಸಿ ಮೇಷ್ಟ್ರನ್ನು ಪರದೇಶಕ್ಕೆ ಕರೆದೊಯ್ಯುತ್ತಾಳೆಂದರೆ ಭಾಷೆ ಎಂಬುದು ಆಕೆಗೆ ಹೊಟ್ಟೆಪಾಡಿಗಿಂತ ಆಳದ ವಿಷಯ. ಮೊಂಗ್‌ಕುಟ್ 82 ಮಕ್ಕಳ ತಂದೆ. ಆ ಅರಮನೆಯ ಹೆಂಗಸರೂ ಮಕ್ಕಳೂ ಇಂಗ್ಲಿಷನ್ನು ಸೊನ್ನೆಯಿಂದ ಕಲಿಯಬೇಕಿತ್ತು, ಕಲಿಸುವವಳಿಗೆ ಥಾಯ್ ಬಾರದು. ಇಂಥಲ್ಲಿ ಇಂಗ್ಲೆಂಡಿನಿಂದ ನೇರ ಬಂದವಳು ಒದ್ದಾಡುತ್ತಿದ್ದಳು. ನಾಲ್ಕು ಭಾಷೆ ಒಟ್ಟಿಗೆ ಕಿವಿಗೆ ಬೀಳುವ ಅಂಗಳದಲ್ಲಿ ಬೆಳೆದವಳಿಗೆ ಇದು ತವರಿನ ವಿದ್ಯೆ. ಆಕೆಯನ್ನು ಒಳ್ಳೆಯ ಭಾಷಾ ಶಿಕ್ಷಕಿಯನ್ನಾಗಿ ಮಾಡಿದ್ದು ಯಾವುದೋ ಅದನ್ನೇ ಆಕೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ತುರ್ಭೆಯಲ್ಲಿ ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಮಾರುಕಟ್ಟೆಯಲ್ಲಿ ಹಿಂದಿ ಆಡುವ ಕಲಬುರಗಿ, ವಿಜಯಪುರ ಕಡೆಯ ಮಕ್ಕಳನ್ನು ದಿನವೂ ನೋಡುವ ನನಗೆ ಇದರಲ್ಲಿ ಅನುಮಾನವಿಲ್ಲ.

ಐದು ವರ್ಷಕ್ಕೂ ಮೀರಿ ಆಕೆ ಅಲ್ಲಿದ್ದಳು, 1867ರಲ್ಲಿ ಹೊರಟಳು. ಮರುವರ್ಷ ಮೊಂಗ್‌ಕುಟ್ ಸೂರ್ಯಗ್ರಹಣ ನೋಡಲು ಹೋದಲ್ಲಿ ಮಲೇರಿಯಾ ತಗುಲಿ ತೀರಿಕೊಂಡ; ಆಕೆಯ ಶಿಷ್ಯ ಚುಲಾಲಂಕಾರ್ನ್ 15ರ ವಯಸ್ಸಿಗೆ ರಾಜನಾದ. ಅಮೆರಿಕಕ್ಕೆ ಹೋದ ಅನ್ನಾ ಸ್ಟ್ಯಾಟನ್ ದ್ವೀಪದಲ್ಲಿ ಶಾಲೆ ತೆರೆದಳು, ಬರೆದಳು, ಭಾಷಣ ಮಾಡಿದಳು. ಆಕೆಯ ಪುಸ್ತಕಗಳಲ್ಲಿ ಮೊಂಗ್‌ಕುಟ್ ಕ್ರೂರಿ, ಹಾಸ್ಯಾಸ್ಪದ ವ್ಯಕ್ತಿ. ಇದರಲ್ಲಿ ನಾನು ಆಕೆಯ ಪರ ನಿಲ್ಲಲಾರೆ. ಅಂಥ ವಿದ್ವಾಂಸ ರಾಜನಿಗೆ ಆಕೆ ಅನ್ಯಾಯ ಮಾಡಿದಳು. ಥಾಯ್ ಜನ ಆ ಸಿನಿಮಾಗಳನ್ನು ತಮ್ಮ ದೇಶದಲ್ಲಿ ನಿಷೇಧಿಸಿದ್ದು ನ್ಯಾಯವೇ. 1897ರಲ್ಲಿ ಚುಲಾಲಂಕಾರ್ನ್ ಲಂಡನ್ನಿಗೆ ಬಂದಾಗ ತನ್ನ ಹಳೆಯ ಗುರುವನ್ನು ಕಂಡು ಕೃತಜ್ಞತೆ ಹೇಳಿದ. ನಮ್ಮಪ್ಪನ ಬಗ್ಗೆ ಹಾಗೇಕೆ ಬರೆದಿರಿ ಎಂದೂ ನೊಂದು ಕೇಳಿದ. ಬರೆದದ್ದೆಲ್ಲ ನಿಜ ಎಂದು ಆಕೆ ಪಟ್ಟು ಹಿಡಿದಳಂತೆ. ಈ ಮಾತುಕತೆ ನಮಗೆ ತಲುಪಿದ್ದು ಪಕ್ಕದಲ್ಲಿದ್ದ ಮೊಮ್ಮಗಳಿಂದ. ಅವಳ ಹೆಸರೂ ಅನ್ನಾ.

ಅಜ್ಜಿಯ ಬದುಕಿನ ಕಾಲುಭಾಗಕ್ಕೂ ಹೆಚ್ಚು ಮೊಮ್ಮಕ್ಕಳದು. 1878ರಲ್ಲಿ ಏವಿಸ್ ಥಾಮಸ್ ಫಿಶ್ ಎಂಬ ಸ್ಕಾಟಿಷ್ ಬ್ಯಾಂಕ್ ಅಧಿಕಾರಿಯನ್ನು ಮದುವೆಯಾಗಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಸಂಸಾರ ಹೂಡಿದಳು. ತಾಯಿ ಜತೆಗೆ ಬಂದಳು. ಮನೆ ತುಂಬ ಮಕ್ಕಳಾದವು. ಅಜ್ಜಿ ಸುಮ್ಮನೆ ಕೂರುವವಳಲ್ಲ. 1881ರಲ್ಲಿ, ಝಾರ್ ಎರಡನೇ ಅಲೆಕ್ಸಾಂಡರನ ಕೊಲೆಯಾದ ವರ್ಷ, 50ರ ಅಂಚಿನಲ್ಲಿದ್ದವಳು ಬಾಸ್ಟನ್ನಿನ ಒಂದು ಮಕ್ಕಳ ಪತ್ರಿಕೆಗಾಗಿ ರಷ್ಯಾ ಸುತ್ತಿ ಬರೆದಳು. 1887ರಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ಹುಟ್ಟಿದ ಕಲಾಶಾಲೆಯ ಸ್ಥಾಪಕರಲ್ಲಿ ಮುಖ್ಯಳು, ಅದೀಗ ವಿಶ್ವವಿದ್ಯಾಲಯ. ಹೆಂಗಸರ ಮತದಾನದ ಹಕ್ಕಿಗಾಗಿ ಸಭೆ ಕಟ್ಟಿದಳು. 1888ರಿಂದ 1893ರವರೆಗೆ ಮೊಮ್ಮಕ್ಕಳ ಓದಿಗಾಗಿ ಜರ್ಮನಿಯ ಕಾಸೆಲ್ ಊರಿನಲ್ಲಿದ್ದಳು. ಮುಂದೆ ಮಾಂಟ್ರಿಯಲ್‌ನಲ್ಲಿ, 70 ದಾಟಿದ ಮೇಲೂ, ಸಂಸ್ಕೃತದ ಬಗ್ಗೆ ಉಪನ್ಯಾಸ ಕೊಟ್ಟಳು. 1902ರಲ್ಲಿ ಏವಿಸ್ ತೀರಿಕೊಂಡಾಗ ತಾಯಿಯಿಲ್ಲದ ಮಕ್ಕಳಿಗೆ ಅಜ್ಜಿಯೇ ತಾಯಿ.

ದಾಖಲೆ ಓದುತ್ತ ಓದುತ್ತ ನನ್ನ ಕಣ್ಣು ಹೆಚ್ಚು ಹೊತ್ತು ನಿಂತದ್ದು ಲೂಯಿಯ ಮಕ್ಕಳ ಮೇಲೆ. ಲೂಯಿ ಮದುವೆಯಾದದ್ದು ಕ್ಯಾರೊಲಿನ್ ನಾಕ್ಸ್‌ಳನ್ನು. ಅವಳ ತಂದೆ ಬ್ಯಾಂಕಾಕಿನ ಬ್ರಿಟಿಷ್ ಕಾನ್ಸಲ್ ಜನರಲ್, ತಾಯಿ ಪ್ರಾಂಗ್ ಎಂಬ ಥಾಯ್ ಹೆಣ್ಣುಮಗಳು. 1893ರಲ್ಲಿ ಕ್ಯಾರೊಲಿನ್ ಸತ್ತಾಗ ಲೂಯಿ ಎರಡು ಕೂಸುಗಳನ್ನು ಅಮ್ಮನ ಮಡಿಲಿಗೆ ಕಳಿಸಿದ. ಆ ಮಕ್ಕಳಿಗೆ ತಾಯಿಯ ಕಡೆಯಿಂದ ಏಷ್ಯಾದ ಅಜ್ಜಿ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ತಂದೆಯ ಕಡೆಯಿಂದಲೂ ಒಬ್ಬ ಏಷ್ಯಾದ ಹೆಂಗಸು ಇದ್ದಳೆಂಬುದು ಆ ಮನೆಯಲ್ಲಿ ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ. ಆಕೆ ಮಕ್ಕಳ ತಲೆ ಬಾಚಿದಳು, ಪಾಠ ಹೇಳಿದಳು, ಸಾಕಿ ದೊಡ್ಡವರನ್ನಾಗಿ ಮಾಡಿದಳು. ಆ ಹೆಸರನ್ನು ಹೇಳಲಿಲ್ಲ. ಹೇಳಿದ್ದರೆ ಆ ಮಕ್ಕಳು ಯಾವ ಶಾಲೆಯ ಯಾವ ಬೆಂಚಿನಲ್ಲಿ ಕೂರಬೇಕಾಗುತ್ತಿತ್ತು, ಯಾರ ಮನೆಯ ಬಾಗಿಲು ಅವರಿಗೆ ಮುಚ್ಚುತ್ತಿತ್ತು ಎಂಬುದನ್ನು ಭಾಯಖಳಾದ ಶಾಲೆಯಲ್ಲಿ ಓದಿದವಳಿಗೆ ಯಾರೂ ವಿವರಿಸಬೇಕಿರಲಿಲ್ಲ.

ಇದಕ್ಕೆ ತೆತ್ತ ಬೆಲೆಯೂ ದಾಖಲೆಯಲ್ಲಿದೆ. ಅನ್ನಾಳ ಅಕ್ಕ ಎಲೈಜಾ 1845ರಲ್ಲಿ, 15ರ ಆಸುಪಾಸಿನಲ್ಲಿ, ಗುಜರಾತಿನ ದೀಸಾ ದಂಡಿನಲ್ಲಿ ಜೇಮ್ಸ್ ಮಿಲರ್ಡ್ ಎಂಬ ಸಾರ್ಜೆಂಟ್ ಮೇಜರನನ್ನು ಮದುವೆಯಾದಳು. ಅನ್ನಾ ಆ ಮನೆಯ ಸಂಪರ್ಕವನ್ನೇ ಕಡಿದುಕೊಂಡಳು. ಅಕ್ಕನ ಮಗಳು ಎಲೈಜಾ ಸಾರಾಳ ಗಂಡ ಎಡ್ವರ್ಡ್ ಪ್ರ್ಯಾಟ್ ಬಾಂಬೆ ಸರ್ಕಾರದ ಉಪ್ಪಿನ ಸುಂಕದ ಇಲಾಖೆಯಲ್ಲಿದ್ದವನು. ನಮ್ಮ ಈ ಖಾಡಿಗಳ ಅಂಚಿನ ಉಪ್ಪಿನ ಆಗರಗಳೆಲ್ಲ ಆ ಇಲಾಖೆಯ ಕೈಕೆಳಗಿದ್ದವು. ಈ ದಂಪತಿಗಳ ಕಿರಿಯ ಮಗ ವಿಲಿಯಂ ಹೆನ್ರಿ ಪ್ರ್ಯಾಟ್ 1887ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ನಟನಾಗಿ, ಬೋರಿಸ್ ಕಾರ್ಲೊಫ್ ಎಂದು ಹೆಸರಿಟ್ಟುಕೊಂಡ. 1931ರ 'ಫ್ರಾಂಕನ್‌ಸ್ಟೈನ್' ಸಿನಿಮಾದ ರಾಕ್ಷಸ ಇವನೇ. ಕಾರ್ಲೊಫ್ ಎಂಬುದು ತಾಯಿಯ ಕಡೆಯ ರಷ್ಯನ್ ಹೆಸರು ಎಂದು ಹೇಳಿಕೊಳ್ಳುತ್ತಿದ್ದ. ತಾಯಿಯ ಕಡೆ ರಷ್ಯನ್ನರು ಯಾರೂ ಇರಲಿಲ್ಲ. ಇದ್ದದ್ದು ಅಹಮದ್‌ನಗರ, ದೀಸಾ, ಠಾಣೆ. ಚಿಕ್ಕಜ್ಜಿ ವೇಲ್ಸ್ ಎಂದಳು, ಮೊಮ್ಮಗ ರಷ್ಯಾ ಎಂದ. ಒಬ್ಬರನ್ನೊಬ್ಬರು ಕಾಣದ ಇಬ್ಬರೂ ಮುಚ್ಚಿದ್ದು ಒಂದೇ ಮೈಬಣ್ಣದ ಗುಟ್ಟನ್ನು.

ಆಲ್ಫ್ರೆಡ್ ಹ್ಯಾಬೆಗರ್ 2014ರಲ್ಲಿ ಬರೆದ ಅನ್ನಾಳ ಚರಿತ್ರೆಗೆ 'ಮುಖವಾಡ ಧರಿಸಿದವಳು' ಎಂಬರ್ಥದ ಹೆಸರಿಟ್ಟರು. ಮುಖವಾಡ ಹೌದು. ಆದರೆ ಮೊದಲು ಮುಚ್ಚಿಟ್ಟವರು ಯಾರು? ಠಾಣೆಯ ಆ ಮದುವೆಯ ಸಾಲನ್ನು ನೋಡಿದ ಮೇಲೆ ನನಗೆ ಅನ್ನಾಳ ಮೇಲೆ ಸಿಟ್ಟು ಬರುವುದಿಲ್ಲ. ಆಕೆ ಸುಳ್ಳು ಹೇಳುವ ಎಷ್ಟೋ ವರ್ಷ ಮುಂಚೆ ಸರ್ಕಾರದ ಪುಸ್ತಕವೇ ಆಕೆಯ ಅಜ್ಜಿಯನ್ನು ಅಳಿಸಿತ್ತು. ಆ ಖಾಲಿ ಜಾಗದಲ್ಲಿ ಆಕೆ ಕಾರ್ನಾರ್ವನ್ ಊರನ್ನು ಬರೆದಳು. ನಮ್ಮ ಕರ್ನಾಟಕದಲ್ಲಿ ಒಂದಿಡೀ ತಲೆಮಾರಿನ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಅಪ್ಪ ಅಮ್ಮನಿಗೆ ತಾರೀಖು ಗೊತ್ತಿರಲಿಲ್ಲ, ಮೇಷ್ಟ್ರು ಬರೆದರು. ಮಗು ಓದಿತು, ನೌಕರಿ ಹಿಡಿಯಿತು, ಆ ತಾರೀಖಿನ ಲೆಕ್ಕದಲ್ಲೇ ನಿವೃತ್ತವಾಯಿತು. ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಕಾಗದ ಕೇಳುವ ಲೋಕಕ್ಕೆ ಕಾಗದವಿಲ್ಲದ ಮನೆಯ ಉತ್ತರ ಅದು.

ಅದೇ ಕಾಲದ ಇನ್ನಿಬ್ಬರು ಹೆಂಗಸರನ್ನು ಇಲ್ಲಿ ನೆನೆಯಬೇಕು. ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ 1886ರಲ್ಲಿ ಫಿಲಡೆಲ್ಫಿಯಾದಲ್ಲಿ ವೈದ್ಯೆಯಾದರು. ಆ ಪದವಿ ಸಮಾರಂಭಕ್ಕೆ ಹೋದವರು ನಮ್ಮ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಅದಕ್ಕೂ ಮುಂಚೆ ಅವರು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ್ದರು. ಇಬ್ಬರೂ ಸೀರೆಯುಟ್ಟು, ತಮ್ಮ ನಿಜ ಹೆಸರಿನಲ್ಲೇ, ತಮ್ಮ ಊರು ಕುಲ ಹೇಳಿಕೊಂಡೇ ಪಶ್ಚಿಮದ ಸಭೆಗಳಲ್ಲಿ ನಿಂತರು. ಅವರ ಧೈರ್ಯ ದೊಡ್ಡದು. ಆದರೆ ಬ್ರಾಹ್ಮಣರ ಮನೆಯ ವಿದುಷಿ ಎಂಬುದಕ್ಕೆ ಆ ಸಭೆಗಳಲ್ಲಿ ಬೆಲೆಯಿತ್ತು. ಬರಾಕಿನ ಮಿಶ್ರ ರಕ್ತದ ಬಡ ಹುಡುಗಿ ಎಂಬುದಕ್ಕೆ ಎಲ್ಲಿಯೂ ಬೆಲೆಯಿರಲಿಲ್ಲ, ಇಲ್ಲಿಯೂ ಇರಲಿಲ್ಲ, ಅಲ್ಲಿಯೂ ಇರಲಿಲ್ಲ. ಅನ್ನಾಳನ್ನು ಅಳೆಯುವವರು ಈ ವ್ಯತ್ಯಾಸವನ್ನು ಮರೆಯಬಾರದು.

1915ರ ಜನವರಿ 19ರಂದು, 83ರ ವಯಸ್ಸಿನಲ್ಲಿ, ಮಾಂಟ್ರಿಯಲ್‌ನಲ್ಲಿ ಆಕೆ ತೀರಿಕೊಂಡಳು. ಮೌಂಟ್ ರಾಯಲ್ ಸ್ಮಶಾನದ ಕಲ್ಲಿನಲ್ಲಿ ಆಕೆ ಮೇಜರ್ ಲಿಯೊನೊವೆನ್ಸ್ ಅವರ ಪ್ರಿಯ ಪತ್ನಿ. ಮನೆಯವರು ಅಜ್ಜಿಯ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿದರು. ತಾಯಿಯ ಹೆಸರನ್ನೇ ಹೊತ್ತ ಮೊಮ್ಮಗಳು ಏವಿಸ್ ಫಿಶ್ ಅಜ್ಜಿಯ ಚರಿತ್ರೆಯನ್ನು ಬರೆದು ಅಚ್ಚಾಗಿಸದೆ ಇಟ್ಟುಕೊಂಡಿದ್ದಳು. ಥಾಯ್ಲೆಂಡಿನಲ್ಲಿ ಹತ್ತು ವರ್ಷ ಇದ್ದು ಬಂದ ಮಾರ್ಗರೆಟ್ ಲ್ಯಾಂಡನ್ ಕೇಳಿದಾಗ ಕಾಗದಪತ್ರಗಳನ್ನು ನಂಬಿ ಕೊಟ್ಟಳು. 1944ರಲ್ಲಿ ಲ್ಯಾಂಡನ್ ಅವರ ಕಾದಂಬರಿ ಬಂತು, ಅದರಿಂದ ನಾಟಕ, ನಾಟಕದಿಂದ ಸಿನಿಮಾ. ಅಮೆರಿಕದ ವೀಟನ್ ಕಾಲೇಜಿನಲ್ಲಿ ಲ್ಯಾಂಡನ್ ಸಂಗ್ರಹ ಇಂದಿಗೂ ಇದೆ. ಅಜ್ಜಿ ತನ್ನ ಮೊಮ್ಮಕ್ಕಳಿಗೆ ಹೇಳಿದ ಕಥೆಯನ್ನೇ ಜಗತ್ತು ಬ್ರಾಡ್‌ವೇ ರಂಗದ ಮುಂದೆ ಕುಳಿತು ನೋಡಿತು.

ಹುಡುಕಾಟ ಇನ್ನೂ ಮುಂದುವರಿಯಬೇಕಾದ ಜಾಗ ಒಂದಿದೆ. ಆ ತಲೆಮಾರಿನ ಕಂಪನಿ ಅಧಿಕಾರಿಗಳ ಉಯಿಲುಗಳೂ ಆಸ್ತಿಯ ಪಟ್ಟಿಗಳೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ಚರ್ಚಿನ ಪುಸ್ತಕ ಒಪ್ಪದ ಹೆಂಗಸರನ್ನು ಅನೇಕರು ಸಾಯುವ ಮುನ್ನ ಉಯಿಲಿನಲ್ಲಿ ಹೆಸರಿಸಿ, ತಿಂಗಳಿಗಿಷ್ಟು ರೂಪಾಯಿ ಎಂದು ಬರೆದಿಟ್ಟದ್ದುಂಟು. ಪಲ್ಟನ್ನುಗಳ ಹಾಜರಿ ಪಟ್ಟಿಗಳಿವೆ; 4ನೇ ನೇಟಿವ್ ಇನ್‌ಫೆಂಟ್ರಿ ಯಾವ ವರ್ಷ ಯಾವ ಊರಿನಲ್ಲಿ ಬೀಡುಬಿಟ್ಟಿತ್ತೆಂಬುದನ್ನು ಅವುಗಳಿಂದ ಹಿಡಿಯಬಹುದು. ಗ್ಲಾಸ್ಕಾಟ್ 1815ರ ಹೊತ್ತಿಗೆ ಇದ್ದ ಊರು ಗೊತ್ತಾದರೆ ಆ ಹೆಂಗಸು ಯಾವ ಸೀಮೆಯವಳು, ಮನೆಯಲ್ಲಿ ಯಾವ ಮಾತಾಡುತ್ತಿದ್ದಳು ಎಂಬುದಕ್ಕೆ ಒಂದು ಸುಳಿವಾದರೂ ಸಿಕ್ಕೀತು. ಬ್ರಿಸ್ಟೊ, ಮಾರ್ಗನ್, ಹ್ಯಾಬೆಗರ್ ಮೂವರೂ ಮೊಮ್ಮಗಳನ್ನೋ ಅವಳ ಮಗನನ್ನೋ ಹುಡುಕಿ ಹೊರಟವರು. ಅಜ್ಜಿಗಾಗಿಯೇ ಆ ಪಟ್ಟಿಗಳನ್ನು ತೆರೆಯುವವರು ಬೇಕು, ಮರಾಠಿ ಮೋಡಿ ಲಿಪಿ ಓದಬಲ್ಲವರು, ಬಾಂಬೆ ಪ್ರಾಂತದ ನಮ್ಮ ಧಾರವಾಡ, ಬೆಳಗಾವಿ ದಂಡುಗಳ ಹೆಸರು ಆ ಹಳೆಯ ಕಾಗುಣಿತದಲ್ಲಿ ಕಂಡರೂ ಗುರುತು ಹಿಡಿಯಬಲ್ಲವರು.